ಕಾಲೇಜಿಲ್ಲದ ಊರು ಕಾಲೇಜಿಗೆ ಕಲಿಸಿದ ನಾಟಕ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯ ಹುಡುಗನೊಬ್ಬ ಬಿ.ಎ. ಓದಬೇಕೆಂದರೆ ಗುಂತಕಲ್ಲಿನ ಮೇಲೆ ಹಾದು ಮದ್ರಾಸಿಗೆ ಹೋಗುವ ರೈಲು ಹತ್ತಬೇಕಾಗಿತ್ತು. ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದುದು 1857ರಲ್ಲಿ ಸ್ಥಾಪನೆಯಾದ ಮದ್ರಾಸ್ ವಿಶ್ವವಿದ್ಯಾಲಯ. ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನವರ ವಾರ್ಡ್ಲಾ ಶಾಲೆಯಿತ್ತು, ಒಳ್ಳೆಯ ಹೆಸರೂ ಇತ್ತು. ಆದರೆ ಪದವಿಯವರೆಗೆ ಓದಿಸುವ ಕಾಲೇಜು ಇರಲಿಲ್ಲ. ವೀರಶೈವ ಕಾಲೇಜು ಬಾಗಿಲು ತೆರೆದದ್ದು 1945ರಲ್ಲಿ.

ಇಂಥ ಊರಿಗೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮನರಂಜನೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ದೊಡ್ಡ ಊರಿನ ಕಾಲೇಜಿನಲ್ಲಿ ಹುಡುಗರು ಶೇಕ್ಸ್‌ಪಿಯರ್ ಓದಿದರು, ರಜೆಗೆ ಬಂದಾಗ ಸಣ್ಣ ಊರಿಗೆ ನಾಟಕ ತಂದರು ಎಂಬುದು ನಾವು ಸಾಮಾನ್ಯವಾಗಿ ನಂಬಿರುವ ಕಥೆ. ಬಳ್ಳಾರಿಯ ಇತಿಹಾಸ ಈ ಕಥೆಯನ್ನು ಅರ್ಧ ಮಾತ್ರ ಒಪ್ಪುತ್ತದೆ. ಇನ್ನರ್ಧ ತಿರುಗಿಬಿದ್ದಿದೆ. ಕಾಲೇಜಿಲ್ಲದ ಈ ಊರಿನಿಂದಲೇ ಮದ್ರಾಸಿನ ಕಾಲೇಜು ವಿದ್ಯಾರ್ಥಿಗಳು ನಾಟಕವೆಂದರೆ ಮರ್ಯಾದೆಯ ಕೆಲಸ ಎಂಬುದನ್ನು ಕಲಿತರು.

ವಕೀಲರು ಬಣ್ಣ ಹಚ್ಚಿದಾಗ

ಆ ಕಾಲದ ಓದಿದವರಿಗೆ ನಾಟಕವೆಂದರೆ ಮೂಗು ಮುರಿಯುವ ಸಂಗತಿಯಾಗಿತ್ತು. ಪಾರ್ಸಿ ಕಂಪನಿಗಳು ಉರ್ದು, ಹಿಂದೂಸ್ತಾನಿ ನಾಟಕಗಳನ್ನು ಹೊತ್ತು ಊರೂರು ತಿರುಗುತ್ತಿದ್ದವು. ಲಖನೌದ ಆಗಾ ಹಸನ್ ಅಮಾನತ್ ಬರೆದ 'ಇಂದರ್ ಸಭಾ'ದ ಹಾಡುಗಳು ದಕ್ಷಿಣದವರೆಗೂ ಹಬ್ಬಿದ್ದವು. ಜನ ಟಿಕೆಟ್ ಕೊಂಡು ನೋಡುತ್ತಿದ್ದರು, ಮನೆಗೆ ಬಂದು ಗುನುಗುತ್ತಿದ್ದರು. ಆದರೆ ತಮ್ಮ ಮನೆಯ ಮಗ ಮುಖಕ್ಕೆ ಬಣ್ಣ ಹಚ್ಚುವುದನ್ನು ಯಾರೂ ಒಪ್ಪುತ್ತಿರಲಿಲ್ಲ.

ಈ ಸಂಕೋಚ ಒಂದು ಸಮುದಾಯಕ್ಕೆ ಸೀಮಿತವಾಗಿರಲಿಲ್ಲ. 1889ರಲ್ಲಿ ಎಪ್ಪತ್ತು ದಾಟಿದ ಸರ್ ಸಯ್ಯದ್ ಅಹ್ಮದ್ ಖಾನರು ಅಲಿಗಢದಲ್ಲಿ ತಮ್ಮ ಕಾಲೇಜಿನ ಬಡ ವಿದ್ಯಾರ್ಥಿಗಳಿಗೆ ಹಣ ಕೂಡಿಸಲು ಸಾರ್ವಜನಿಕ ವೇದಿಕೆ ಏರಿದರು. ಇದು ನಿಮ್ಮಂಥವರಿಗೆ ತಕ್ಕುದಲ್ಲ ಎಂದು ಹಿತೈಷಿಗಳೇ ತಡೆದರೂ ಅವರು ಕೇಳಲಿಲ್ಲ. ಒಬ್ಬ ಶಿಕ್ಷಣ ಸುಧಾರಕ ತನ್ನ ಗೌರವವನ್ನೇ ಪಣಕ್ಕಿಟ್ಟು ರಂಗಕ್ಕೆ ಹೋದ ಸಂದರ್ಭವದು.

ಬಳ್ಳಾರಿಯಲ್ಲಿ ಅದೇ ಗೆರೆಯನ್ನು ದಾಟಿದವರು ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912). 1886ರಲ್ಲಿ ಅವರು 'ಸರಸ ವಿನೋದಿನಿ ಸಭಾ' ಕಟ್ಟಿದರು. ಮರುವರ್ಷ ಅವರ 'ಚಿತ್ರನಳೀಯಂ' ರಂಗಕ್ಕೆ ಬಂತು. 'ವಿಷಾದ ಸಾರಂಗಧರ' ನಾಟಕದಲ್ಲಿ ಅವರು ಮಂಗಳದಿಂದಲೇ ಮುಗಿಯಬೇಕೆಂಬ ಸಂಸ್ಕೃತ ನಾಟಕದ ಕಟ್ಟಳೆಯನ್ನು ಬಿಟ್ಟು ದುರಂತವನ್ನು ಬರೆದರು. ಇದೇ ಊರಿನ ಇನ್ನೊಬ್ಬ ವಕೀಲ ಕೋಲಾಚಲಂ ಶ್ರೀನಿವಾಸರಾವ್ (1854–1919) 'ಸುಮನೋರಮಾ ಸಭಾ' ನಡೆಸಿದರು. ಹಂಪಿಯ ಬಳಿಯ ಕಮಲಾಪುರದಲ್ಲಿ ಹುಟ್ಟಿದ ಇವರು ಪುರಾಣದ ಜೊತೆಗೆ ಚರಿತ್ರೆಯನ್ನೂ ನಾಟಕಕ್ಕೆ ತಂದರು. ಜಗತ್ತಿನ ನಾಟಕದ ಇತಿಹಾಸ ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಬರೆದರು. ಒಂದೇ ಊರು, ಒಂದೇ ನ್ಯಾಯಾಲಯ, ಎರಡು ಸಭಾಗಳು! ಇವುಗಳ ನಡುವಿನ ಪೈಪೋಟಿಯೇ ಬಳ್ಳಾರಿಯ ರಂಗಭೂಮಿಯನ್ನು ಬೆಳೆಸಿತು.

ಇವು ಹವ್ಯಾಸಿ ಸಂಘಗಳು. ಹಗಲು ಕೋರ್ಟು, ಕಚೇರಿ, ಶಾಲೆಯಲ್ಲಿ ದುಡಿದವರು ಸಂಜೆ ತಾಲೀಮಿಗೆ ಸೇರುತ್ತಿದ್ದರು. ಹೊಟ್ಟೆಪಾಡಿಗಾಗಿ ಆಡುವುದಿಲ್ಲ ಎಂಬುದೇ ಅವರ ಹೆಮ್ಮೆ. ಈ ಹೆಮ್ಮೆಯಲ್ಲಿ ಕಸುಬಿನ ನಟರ ಬಗ್ಗೆ ಒಂದಿಷ್ಟು ತಾತ್ಸಾರವೂ ಬೆರೆತಿತ್ತೆಂಬುದನ್ನು ಮರೆಯಬಾರದು.

ಮದ್ರಾಸಿನ ವಿದ್ಯಾರ್ಥಿ ಕಂಡದ್ದು

1891ರಲ್ಲಿ ಸರಸ ವಿನೋದಿನಿ ಸಭಾ ಮದ್ರಾಸಿಗೆ ಹೋಗಿ ವಿಕ್ಟೋರಿಯಾ ಪಬ್ಲಿಕ್ ಹಾಲಿನಲ್ಲಿ ನಾಟಕಗಳನ್ನು ಆಡಿತು. ನೋಡಲು ಬಂದವರಲ್ಲಿ ಹದಿನೆಂಟರ ಪಮ್ಮಲ್ ಸಂಬಂಧ ಮೊದಲಿಯಾರ್ ಎಂಬ ಕಾಲೇಜು ವಿದ್ಯಾರ್ಥಿಯೂ ಇದ್ದ. ತಮಿಳು ನಾಟಕವೆಂದರೆ ಅವನಿಗೆ ಅಸಡ್ಡೆ. ಆದರೆ ಇಲ್ಲಿ ಓದಿದವರು, ಸಮಾಜದಲ್ಲಿ ಸ್ಥಾನಮಾನ ಇದ್ದವರು, ನಾಚಿಕೆಯಿಲ್ಲದೆ ಬಣ್ಣ ಹಚ್ಚಿ ತಮ್ಮ ಭಾಷೆಯಲ್ಲಿ ನಟಿಸುತ್ತಿದ್ದರು. ಆ ನೋಟ ಅವನ ಮನಸ್ಸನ್ನೇ ತಿರುಗಿಸಿತು. ಅದೇ ವರ್ಷ ಗೆಳೆಯರೊಂದಿಗೆ ಸೇರಿ 'ಸುಗುಣ ವಿಲಾಸ ಸಭಾ' ಸ್ಥಾಪಿಸಿದ. ಮುಂದೆ ಸಂಬಂಧ ಮೊದಲಿಯಾರರು ವಕೀಲರಾದರು, ನ್ಯಾಯಾಧೀಶರಾದರು, ಹತ್ತಾರು ನಾಟಕ ಬರೆದರು, ಆಧುನಿಕ ತಮಿಳು ನಾಟಕದ ಜನಕರೆಂದು ಹೆಸರಾದರು. 1959ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಬಳ್ಳಾರಿಯವರು ತಮಗೆ ದಾರಿ ತೋರಿದರೆಂಬುದನ್ನು ಅವರು ತಮ್ಮ ರಂಗನೆನಪುಗಳಲ್ಲಿ ಮರೆಮಾಚಲಿಲ್ಲ.

ವಿಶ್ವವಿದ್ಯಾಲಯದ ಪಟ್ಟಣಕ್ಕೆ ಬಳ್ಳಾರಿಯ ಸಭಾ ಕೊಟ್ಟದ್ದು ಒಂದು ಸಂಜೆಯ ಮನರಂಜನೆಯನ್ನಷ್ಟೇ ಅಲ್ಲ. ಓದಿದವನೂ ನಟಿಸಬಹುದು ಎಂಬ ಧೈರ್ಯವನ್ನು ಅದು ಕೊಟ್ಟಿತು.

ಕ್ರಿಶ್ಚಿಯನ್ ಕಾಲೇಜಿನಿಂದ ಮರಳಿ ಬಳ್ಳಾರಿಗೆ

ಈ ಕೊಡುಕೊಳ್ಳುವಿಕೆಯ ಇನ್ನೊಂದು ಬದಿಯಲ್ಲಿ ನಿಲ್ಲುವವರು ಬಳ್ಳಾರಿ ರಾಘವ (1880–1946). ಧರ್ಮವರಂ ಅವರಿಗೆ ಸೋದರಮಾವ. ತಾಡಪತ್ರಿಯಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ಶಾಲೆ ಕಲಿತರು. ಎಳೆಯ ವಯಸ್ಸಿನಲ್ಲೇ ಊರಿನಲ್ಲಿ ಶೇಕ್ಸ್‌ಪಿಯರ್ ಕ್ಲಬ್ ಕಟ್ಟಿ ನಾಟಕ ಆಡಿದರು. ಆಮೇಲೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಸೇರಿದರು.

ಆ ಕಾಲೇಜು ಆಗ ಈಗಿನ ತಾಂಬರಂನಲ್ಲಿ ಇರಲಿಲ್ಲ. ಜಾರ್ಜ್‌ಟೌನಿನ ಗದ್ದಲದ ನಡುವೆ ಇತ್ತು. ಅದನ್ನು ದಶಕಗಳ ಕಾಲ ಮುನ್ನಡೆಸಿದ ವಿಲಿಯಂ ಮಿಲ್ಲರ್ ಶೇಕ್ಸ್‌ಪಿಯರ್ ನಾಟಕಗಳ ಮೇಲೆ ಉಪನ್ಯಾಸ ಕೊಟ್ಟು, ಅವನ್ನು ಪುಸ್ತಕವಾಗಿ ಪ್ರಕಟಿಸಿದವರು. ವಿದ್ಯಾರ್ಥಿಗಳಿಗೆ ಹಾಸ್ಟೆಲುಗಳನ್ನು ಕಟ್ಟಿಸಿದವರೂ ಅವರೇ. ಹಾಸ್ಟೆಲ್ ಎಂಬುದು ಆ ಕಾಲಕ್ಕೆ ಸಣ್ಣ ಬದಲಾವಣೆಯಲ್ಲ. ಬೇರೆ ಬೇರೆ ಜಿಲ್ಲೆಗಳ, ಬೇರೆ ಬೇರೆ ಭಾಷೆಗಳ ಹುಡುಗರು ಒಂದೇ ಸೂರಿನಡಿ ಮಲಗಿ ಎದ್ದರು. ಕೂಡಿ ಉಣ್ಣುವ ಪ್ರಶ್ನೆ ಜಾತಿಯ ಪ್ರಶ್ನೆಯೂ ಆಗಿದ್ದ ಕಾಲದಲ್ಲಿ ಮಾತು, ಚರ್ಚೆ, ಆಟಗಳಲ್ಲಾದರೂ ಜೊತೆಗೂಡುವ ಅವಕಾಶವನ್ನು ಕಾಲೇಜು ಕೊಟ್ಟಿತು.

1905ರಲ್ಲಿ ಕಾನೂನು ಪದವಿ ಪಡೆದು ರಾಘವರು ಬಳ್ಳಾರಿಗೆ ಮರಳಿದರು. ಕ್ರಿಮಿನಲ್ ವಕೀಲರಾಗಿ ಹೆಸರು ಮಾಡಿ ಸರ್ಕಾರಿ ವಕೀಲರೂ ಆದರು. ಆದರೆ ನಾಡು ಅವರನ್ನು ನೆನೆಯುವುದು ನಟರೆಂದು. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಅವರು ಅಭಿನಯಿಸಿದರು. 1909ರಲ್ಲಿ ಆರಂಭವಾದ ಬೆಂಗಳೂರಿನ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಜೊತೆಗೂ ದುಡಿದರು. 1928ರಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು.

ಅವರ ದೊಡ್ಡ ಕಾಣಿಕೆ ಎರಡು. ಮೊದಲನೆಯದು, ರಾಗ ಎಳೆದು ಪದ್ಯ ಹಾಡಿ ಚಪ್ಪಾಳೆ ಗಿಟ್ಟಿಸುವ ರೂಢಿಯನ್ನು ಬಿಟ್ಟು ಮಾತು ಮತ್ತು ಮುಖಭಾವಕ್ಕೆ ಬೆಲೆ ತಂದದ್ದು. ಎರಡನೆಯದು, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಹಟ ಹಿಡಿದದ್ದು. ಕೊಮ್ಮೂರಿ ಪದ್ಮಾವತಿ ದೇವಿಯವರಂಥ ಗೃಹಸ್ಥ ಕುಟುಂಬದ ಮಹಿಳೆಯರು ಅವರ ಒತ್ತಾಸೆಯಿಂದ ರಂಗಕ್ಕೆ ಬಂದರು. ಗಂಡಸರ ಸಂಕೋಚವನ್ನು ಮಾವ ಮುರಿದರು, ಹೆಂಗಸರ ಮೇಲೆ ಹೇರಿದ್ದ ನಿಷೇಧವನ್ನು ಅಳಿಯ ಪ್ರಶ್ನಿಸಿದರು.

ಪಠಾಣನೂ ಕಬೀರನೂ

ಬಳ್ಳಾರಿಯ ಈ ರಂಗಭೂಮಿಯನ್ನು ಇಂದು ನಾವು ನೆನೆಯಬೇಕಾದ ಇನ್ನೊಂದು ಕಾರಣವಿದೆ. ಕೋಲಾಚಲಂ ಅವರು ವಿಜಯನಗರದ ರಾಮರಾಯನ ಕಥೆಯನ್ನು ನಾಟಕವಾಗಿಸಿದರು. 1565ರ ಯುದ್ಧ, ಹಂಪಿಯ ಪಾಳು, ಸುಲ್ತಾನರು – ಇವು ಬಳ್ಳಾರಿಯವರಿಗೆ ದೂರದ ಚರಿತ್ರೆಯಲ್ಲ, ಎತ್ತಿನಗಾಡಿಯಲ್ಲಿ ಹೋಗಿ ನೋಡಿಬರಬಹುದಾದ ಕಲ್ಲುಗಳು. ಆ ನಾಟಕದಲ್ಲಿ ರಾಘವರು ಮಾಡುತ್ತಿದ್ದುದು ಪಠಾಣನ ಪಾತ್ರ, ಅವರ ಪ್ರಸಿದ್ಧ ಪಾತ್ರಗಳಲ್ಲಿ ಒಂದು.

ಇಂಥ ಪಾತ್ರವನ್ನು ಹಲ್ಲು ಕಡಿಯುವ ಪಿಶಾಚಿಯಂತೆ ಆಡುವುದು ಸುಲಭ. ಸಭೆಯಲ್ಲಿ ಸೀಟಿ ಬೀಳುತ್ತದೆ, ಮರುದಿನ ಬೀದಿಯಲ್ಲಿ ಅದರ ಪರಿಣಾಮವೂ ಕಾಣುತ್ತದೆ. ರಾಘವರ ನಟನೆಯ ಹೆಗ್ಗಳಿಕೆಯೆಂದರೆ ದುರ್ಯೋಧನನೇ ಇರಲಿ, ಪಠಾಣನೇ ಇರಲಿ, ಎದುರಾಳಿಯೊಳಗಿನ ಮನುಷ್ಯನನ್ನು ಹುಡುಕುವುದು. ಅವರೇ 'ದೀನಬಂಧು ಕಬೀರ್' ನಾಟಕದಲ್ಲಿ ಕಬೀರನೂ ಆದರು. 1927ರಲ್ಲಿ ಆರೋಗ್ಯ ಸುಧಾರಣೆಗೆಂದು ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿ ಆ ನಾಟಕವನ್ನು ನೋಡಿ ಮೆಚ್ಚಿದರು. ಮುಸ್ಲಿಂ ನೇಕಾರರ ಮನೆಯಲ್ಲಿ ಬೆಳೆದು ಇಬ್ಬರ ಕಂದಾಚಾರವನ್ನೂ ಬೈದ ಸಂತನನ್ನು ಬಳ್ಳಾರಿಯ ಒಬ್ಬ ವಕೀಲ ಹಿಂದಿಯಲ್ಲಿ ನುಡಿಸಿದ್ದ. ವಿದ್ಯಾವಂತರ ಮನರಂಜನೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸಿರುಗುಪ್ಪ, ಕುರುಗೋಡುಗಳ ರಾತ್ರಿ

ಆದರೆ ಈ ಸಭಾಗಳ ಬೆಳಕು ಎಷ್ಟು ದೂರ ಬಿತ್ತು? ಬಳ್ಳಾರಿ ಪೇಟೆ ದಾಟಿದರೆ ರಾತ್ರಿ ಬೇರೆಯಾಗಿತ್ತು. ಒಂದೇ ಕಲ್ಲಿನ ದೊಡ್ಡ ಬಸವನಿಗೆ ಹೆಸರಾದ ಕುರುಗೋಡು, ತುಂಗಭದ್ರೆಯ ದಡದ ಭತ್ತದ ಸೀಮೆ ಸಿರುಗುಪ್ಪ – ಇಂದು ಇವೆರಡೂ ತಾಲೂಕು ಕೇಂದ್ರಗಳು. ಈ ಭಾಗದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ ಬಯಲಾಟ ಆಡುತ್ತಿದ್ದರು. ಮಾಸ್ತರನು ತಿಂಗಳುಗಟ್ಟಲೆ ಕುಣಿತ, ಮಾತು ಕಲಿಸುತ್ತಿದ್ದ. ಒಕ್ಕಲಿಗ, ಕುರುಬ, ನಾಯಕ, ಸಾಬ ಎನ್ನದೆ ಕಂಠವಿದ್ದವನಿಗೆ ಪಾತ್ರ ಸಿಗುತ್ತಿತ್ತು. ಟಿಕೆಟ್ ಇಲ್ಲ, ಕುರ್ಚಿ ಇಲ್ಲ, ಬೆಳಗಾಗುವತನಕ ಆಟ. ಪೀರಲ ಹಬ್ಬ ಬಂದರೆ ಅಲಾಯಿ ಕುಣಿಯ ಸುತ್ತ ಹಿಂದೂಗಳೂ ಮುಸ್ಲಿಮರೂ ಹೆಜ್ಜೆ ಹಾಕುತ್ತಿದ್ದರು, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಿದ್ದರು.

ಪೇಟೆಯ ಸಭಾಗಳಲ್ಲಿ ಓದು ಇತ್ತು, ಶಿಸ್ತು ಇತ್ತು. ಊರಿನ ಎಲ್ಲರೂ ಇರಲಿಲ್ಲ. ಹಳ್ಳಿಯ ಅಟ್ಟದ ಮೇಲೆ ಹಲವು ಜಾತಿಯವರಿದ್ದರು, ಆದರೆ ಹೆಣ್ಣಿಗೆ ಅಲ್ಲಿಯೂ ಜಾಗ ಇರಲಿಲ್ಲ. ಈ ಎರಡು ಲೋಕಗಳ ನಡುವೆ ಸೇತುವೆಯಾದವರಲ್ಲಿ ಜೋಳದರಾಶಿ ದೊಡ್ಡನಗೌಡರು (1910–1994) ಪ್ರಮುಖರು. ಬಳ್ಳಾರಿ ಸೀಮೆಯ ಹಳ್ಳಿಯಿಂದ ಬಂದ ಗೌಡರು ಗಮಕಿಯಾಗಿ, ನಟರಾಗಿ, ನಾಟಕಕಾರರಾಗಿ ದುಡಿದು ರಾಘವರ ಪರಂಪರೆಯನ್ನು ಕನ್ನಡದಲ್ಲಿ ಮುಂದುವರಿಸಿದರು.

ಗಡಿ ಎಳೆದ ಮೇಲೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಹೋದವು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡಿಗರಿಗೆ ಅದು ಸಂತೋಷದ ದಿನ, ಅದಕ್ಕಾಗಿ ನಡೆದ ಹೋರಾಟವೂ ನ್ಯಾಯದ್ದೇ. ಆದರೆ ನೆಲದ ಜೊತೆಗೆ ನೆನಪನ್ನೂ ಹಂಚಿಕೊಂಡೆವು. ಧರ್ಮವರಂ ಅವರು 'ಆಂಧ್ರ ನಾಟಕ ಪಿತಾಮಹ'ರಾಗಿ ತೆಲುಗಿನ ಪುಸ್ತಕಗಳಲ್ಲಿ ಉಳಿದರು. ನಮ್ಮ ಪುಸ್ತಕಗಳಲ್ಲಿ ಕಾಲೇಜು ಮತ್ತು ನಾಟಕದ ಇತಿಹಾಸವೆಂದರೆ 1916ರ ಮೈಸೂರು ವಿಶ್ವವಿದ್ಯಾಲಯ, ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ, 1919ರ 'ಪ್ರಬುದ್ಧ ಕರ್ಣಾಟಕ', ಕೈಲಾಸಂ. ಇವೆಲ್ಲ ದೊಡ್ಡವೇ. ಆದರೆ ಕೈಲಾಸಂ ಕೂಡ ಓದಿದ್ದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ಆ ಮದ್ರಾಸಿನ ಸಭಾ ಸಂಸ್ಕೃತಿಗೆ ಮೊದಲ ಕಿಡಿ ಹೋದದ್ದು ಬಳ್ಳಾರಿಯಿಂದ ಎಂಬುದನ್ನು ಯಾರೂ ಹೇಳುವುದಿಲ್ಲ. ತೆಲುಗಿನಲ್ಲಿ ಬರೆದರೆಂಬ ಒಂದೇ ಕಾರಣಕ್ಕೆ ನಮ್ಮ ಊರಿನವರು ನಮ್ಮವರಲ್ಲದೆ ಹೋಗುತ್ತಾರೆಯೇ? ಭಾಷೆಯ ಕಾರಣಕ್ಕೆ ಧರ್ಮವರಂ ಅವರನ್ನು ಬಿಟ್ಟುಕೊಡುವ ಮನಸ್ಸು ನಾಳೆ ಧರ್ಮದ ಕಾರಣಕ್ಕೆ ಇನ್ನಾರನ್ನಾದರೂ ಬಿಟ್ಟುಕೊಡಲು ಹಿಂಜರಿಯುವುದಿಲ್ಲ.

ಇಂದು ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೇ ಇದೆ (2010). ಪದವಿ ಓದಲು ಮದ್ರಾಸಿನ ರೈಲು ಹತ್ತಬೇಕಿಲ್ಲ. ರಾಘವರ ಹೆಸರಿನ ಕಲಾಮಂದಿರವಿದೆ, ಜೋಳದರಾಶಿಯವರ ಹೆಸರಿನ ರಂಗಮಂದಿರವಿದೆ. ಕಾಲೇಜುಗಳಲ್ಲಿ ವಾರ್ಷಿಕೋತ್ಸವಗಳೂ ನಡೆಯುತ್ತವೆ. ಅಲ್ಲಿ ಸಿನಿಮಾ ಹಾಡಿಗೆ ಕುಣಿಯುವುದರಲ್ಲಿ ತಪ್ಪೇನಿಲ್ಲ. ಹರೆಯಕ್ಕೆ ಅದೂ ಬೇಕು. ಆದರೆ ಒಂದು ತಿಂಗಳು ಜೊತೆಗೆ ಕೂತು ತಾಲೀಮು ಮಾಡುವ, ತನ್ನದಲ್ಲದ ಮನೆಯ ಮಾತನ್ನು ಬಾಯಿಪಾಠ ಮಾಡಿ, ತನ್ನದಲ್ಲದ ನೋವಿಗೆ ಅಳಲು ಕಲಿಯುವ ಅವಕಾಶವನ್ನು ನಾಟಕ ಮಾತ್ರ ಕೊಡುತ್ತದೆ. ಸಿರುಗುಪ್ಪದ ಹುಡುಗಿಯೊಬ್ಬಳು ಚಾಂದಬೀಬಿಯಾಗಿ, ಕುರುಗೋಡಿನ ಹುಡುಗನೊಬ್ಬ ಕಬೀರನಾಗಿ ಒಂದೇ ರಂಗದ ಮೇಲೆ ನಿಂತರೆ, ಕಾಲೇಜಿಲ್ಲದ ಕಾಲದಲ್ಲಿ ಈ ಊರು ಕಲಿಸಿದ ಪಾಠ ಕಾಲೇಜಿರುವ ಕಾಲದಲ್ಲೂ ಮುಂದುವರಿದೀತು.