ಶಾಲೆಯ ಬಾಗಿಲಿಗೆ ಬಂದ ವೈದ್ಯ

ಓದು ತಲೆಗೆ ಹತ್ತದ ಹುಡುಗನನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳುಹಿಸುವುದು ಸುಲಭ. ಕರಿಹಲಗೆಯ ಅಕ್ಷರ ಅವನಿಗೆ ಕಾಣುತ್ತಿದೆಯೇ, ಮೇಷ್ಟರ ಮಾತು ಕಿವಿಗೆ ಬೀಳುತ್ತಿದೆಯೇ ಎಂದು ವಿಚಾರಿಸುವವರು ವಿರಳ. ಶಾಲಾ ವೈದ್ಯಪರೀಕ್ಷೆಯ ಮರ್ಮವಿರುವುದು ಇಲ್ಲಿಯೇ.

ನಮ್ಮ ದೇಶದಲ್ಲಿ ಇಂಥ ಪರೀಕ್ಷೆ ಮೊದಲು ನಡೆದುದು 1909ರಲ್ಲಿ, ಬರೋಡಾ ನಗರದಲ್ಲಿ. ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ತೆರೆಯಿತು. ಮುಂದಿನ ದಶಕದಲ್ಲಿ, ಕ್ಲೋಸ್‌ಪೇಟೆಯೆಂದು ಹೆಸರಾಗಿದ್ದ ರಾಮನಗರದಲ್ಲಿ ಆರೋಗ್ಯ ತರಬೇತಿ ಕೇಂದ್ರ ನೆಲೆಗೊಂಡಿತು. ಬಂದ ರೋಗಕ್ಕೆ ಮದ್ದರೆಯುವುದಕ್ಕಿಂತ ಬಾರದಂತೆ ತಡೆಯುವುದೇ ಲೇಸೆಂಬ ಪಾಠ ಹೀಗೆ ನಮ್ಮ ಸೀಮೆಯನ್ನು ಮುಟ್ಟಿತು. ಆದರೂ ದೇಶದಲ್ಲಿ ಶಾಲಾ ಆರೋಗ್ಯಸೇವೆ ಇಲ್ಲವೆನ್ನುವಷ್ಟು ಅಲ್ಪವೆಂದು 1946ರಲ್ಲಿ ಭೋರ್ ಸಮಿತಿ ಹೇಳಬೇಕಾಯಿತು. 1960ರಲ್ಲಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಒಂದು ಸಮಿತಿ ನೇಮಕವಾಯಿತು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಸರ್ಕಾರಿ ಹಾಗೂ ಅನುದಾನಿತ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಬಾರಿ ಬರಬೇಕು. ಹುಟ್ಟಿನ ದೋಷ, ಪೋಷಣೆಯ ಕೊರತೆ, ರೋಗ, ಬೆಳವಣಿಗೆಯ ವಿಳಂಬ, ಈ ನಾಲ್ಕನ್ನೂ ಹುಡುಕಿ, 18 ವರ್ಷದವರೆಗಿನ ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಡಿಸುವುದು ಇದರ ಗುರಿ.

ಆದರೆ ದೋಷ ಕಂಡುಹಿಡಿದ ಮಾತ್ರಕ್ಕೆ ಮಗು ಗುಣವಾಗದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ರೇಷ್ಮೆಯ ಸೀಮೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನ ತಾಯಿ ಮನೆ ಬಿಟ್ಟು ಆಸ್ಪತ್ರೆಗೆ ಹೋಗುವುದೆಂತು? ವೈದ್ಯರು ಬರೆದ ಚೀಟಿ ಪುಸ್ತಕದೊಳಗೇ ಉಳಿದರೆ ಹುಡುಗನ ಕಣ್ಣು ಮಬ್ಬಾಗಿಯೇ ಉಳಿಯುವುದು. ಆ ಚೀಟಿ ಆಸ್ಪತ್ರೆಯನ್ನು ಸೇರಿತೇ ಎಂದು ಮರುವಾರ ಕೇಳುವ ಉಪಾಧ್ಯಾಯರೂ ನೆರೆಹೊರೆಯವರೂ ಇದ್ದಲ್ಲಿ ಮಾತ್ರ ವೈದ್ಯರು ಬಂದುದು ಸಾರ್ಥಕ.