ಬ್ಯಾಕ್ ಕಂಪ್ರೆಷನ್: ಗ್ಯಾರೇಜಿನ ಒಂದು ಮಾತಿನ ಚರಿತ್ರೆ

ಕಳೆದ ಏಪ್ರಿಲ್‌ನಲ್ಲಿ ಕಾರ್ಕಳದಿಂದ ಸೋದರಮಾವ ಫೋನ್ ಮಾಡಿದರು. "ಕಾರಿಗೆ ಬ್ಯಾಕ್ ಕಂಪ್ರೆಷನ್ ಬಂದಿದೆಯಂತೆ. ಎಂಜಿನ್ ಬಿಚ್ಚಬೇಕಂತೆ" ಎಂದರು. ಮನೆಯಲ್ಲಿ ಯಾರಿಗೋ ಶುಗರ್ ಬಂದಿದೆ ಎಂದು ಹೇಳುವಾಗಿನ ಸ್ವರವೇ ಅದು.

ಹದಿನಾಲ್ಕು ವರ್ಷ ಹಳೆಯ ಟರ್ಬೊ ಡೀಸೆಲ್ ಕಾರು. ಒಂದು ಲಕ್ಷದ ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿದೆ. ಅವರು ತೋರಿಸಿದ ಗ್ಯಾರೇಜಿನವರು ರಿಂಗ್, ಬೋರ್, ಟರ್ಬೊ ಎಲ್ಲ ಸೇರಿಸಿ 90,000 ರೂಪಾಯಿ ಆಗುತ್ತದೆ ಎಂದಿದ್ದರು. ಮಳೆಗಾಲಕ್ಕೆ ಮೊದಲು ಮನೆಯ ಮಾಡು ಬಿಚ್ಚಿ, ಹುಳ ತಿಂದ ಪಕ್ಕಾಸು ಬದಲಿಸಿ ಹಂಚು ಹೊದೆಸಲು ಮಾವ ತೆಗೆದಿಟ್ಟ ದುಡ್ಡೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಕಾರೋ ಮಾಡೋ ಎಂಬುದು ಪ್ರಶ್ನೆ.

ನಾನು ಮಣಿಪಾಲದಲ್ಲಿದ್ದುಕೊಂಡು ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವವನು. ಎಂಜಿನ್ನಿನ ವಿಷಯದಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಆದರೆ 'ಬ್ಯಾಕ್ ಕಂಪ್ರೆಷನ್' ಎಂಬ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಒಂದು ಮಾತು ಹುಟ್ಟಿದ ಕಾಲದಲ್ಲಿ ಏನನ್ನು ಹೇಳುತ್ತಿತ್ತು, ಈಗ ಏನನ್ನು ಹೇಳುತ್ತಿದೆ ಎಂದು ಕೇಳುವುದು ನಮ್ಮ ಕಸುಬು. ಇಲ್ಲಿ ಆ ಪ್ರಶ್ನೆಗೆ 90,000 ರೂಪಾಯಿಯ ತೂಕ ಬಂದಿತ್ತು.

ಮಾತಿನ ಅರ್ಥ ಸರಳ. ಸಿಲಿಂಡರಿನಲ್ಲಿ ಇಂಧನ ಉರಿದಾಗ ಹುಟ್ಟುವ ಒತ್ತಡ ಪಿಸ್ಟನ್ನನ್ನು ಕೆಳಗೆ ದೂಡಬೇಕು. ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಸ್ವಲ್ಪ ಅನಿಲ ಅವುಗಳ ಸಂದಿಯಿಂದ ಕೆಳಗೆ, ಕ್ರಾಂಕ್ ಶಾಫ್ಟ್ ತಿರುಗುವ ಕೋಣೆಗೆ ನುಸುಳುತ್ತದೆ. ಪುಸ್ತಕಗಳಲ್ಲಿ ಇದರ ಹೆಸರು ಬ್ಲೋ-ಬೈ. ಹೊಚ್ಚಹೊಸ ಎಂಜಿನ್ನಿನಲ್ಲೂ ಇದು ಇದ್ದೇ ಇರುತ್ತದೆ. ಹಾಗೆ ನುಸುಳಿದ ಅನಿಲ ಹೊರಗೆ ಹೋಗದಿದ್ದರೆ ಕ್ರಾಂಕ್‌ಕೇಸಿನಲ್ಲಿ ಒತ್ತಡ ಏರಿ, ಸೀಲುಗಳನ್ನು ದೂಡಿ ಆಯಿಲನ್ನು ಹೊರಗೆ ಹಾಕುತ್ತದೆ. ಆದ್ದರಿಂದ ಪ್ರತಿ ಎಂಜಿನ್ನಿಗೂ ಉಸಿರು ಬಿಡಲು ಒಂದು ದಾರಿ ಬೇಕು. ಅದೇ ಬ್ರೀದರ್.

ಈ ಉಸಿರಿನ ದಾರಿಗೆ ಒಂದು ಚರಿತ್ರೆಯಿದೆ. ಮೊದಮೊದಲ ದಶಕಗಳ ಕಾರುಗಳಲ್ಲಿ ಅದು ಬರೀ ಒಂದು ಕೊಳವೆ. ಕ್ರಾಂಕ್‌ಕೇಸಿನಿಂದ ಹೊರಟು ಗಾಡಿಯ ಅಡಿಗೆ, ರಸ್ತೆಯ ಕಡೆಗೆ ಬಾಯಿ ತೆರೆದಿರುತ್ತಿತ್ತು. ಗಾಡಿ ಓಡುವಾಗ ಕೊಳವೆಯ ಬಾಯಿಯ ಬಳಿ ಬೀಸುವ ಗಾಳಿ ಒಳಗಿನ ಹಬೆಯನ್ನು ಎಳೆದು ಹೊರಗೆ ಹಾಕುತ್ತಿತ್ತು. ಹಬೆಯ ಜೊತೆ ಆಯಿಲೂ ತೊಟ್ಟಿಕ್ಕುತ್ತಿತ್ತು. ಹಳೆಯ ಹೆದ್ದಾರಿಗಳ ಫೋಟೋಗಳಲ್ಲಿ ಪ್ರತಿ ಲೇನಿನ ನಡುವೆ ಕಾಣುವ ಕಪ್ಪು ಪಟ್ಟಿ ಅದರದೇ ಗುರುತು.

ಈ ಬಾಯಿಯನ್ನು ಮೊದಲು ಮುಚ್ಚಿಸಿದ್ದು ನೀರು. ಎರಡನೆಯ ಮಹಾಯುದ್ಧದಲ್ಲಿ ಹೊಳೆ ದಾಟಬೇಕಾದ ಸೇನಾ ವಾಹನಗಳಿಗೆ ಅಡಿಯಲ್ಲಿ ತೆರೆದ ಕೊಳವೆ ಇದ್ದರೆ ಎಂಜಿನ್ನಿಗೆ ನೀರು ನುಗ್ಗುತ್ತದೆ. ಹಾಗಾಗಿ ಹಬೆಯನ್ನು ಹೊರಗೆ ಬಿಡದೆ ಎಂಜಿನ್ನಿನ ಗಾಳಿಯ ದಾರಿಗೇ ತಿರುಗಿಸಿ ಮತ್ತೆ ಉರಿಸುವ ವ್ಯವಸ್ಥೆ ಬಂತು. ಎರಡನೆಯ ಸಲ ಮುಚ್ಚಿಸಿದ್ದು ಹೊಗೆ. ಲಾಸ್ ಏಂಜಲೀಸಿನ ಮೇಲೆ ಕವಿಯುತ್ತಿದ್ದ, ಕಣ್ಣು ಉರಿಸುವ ಮಬ್ಬಿಗೆ ವಾಹನಗಳ ಹೈಡ್ರೋಕಾರ್ಬನ್ ಕಾರಣವೆಂದು 1950ರ ದಶಕದ ಮೊದಲಲ್ಲಿ ರಸಾಯನ ವಿಜ್ಞಾನಿ ಆರೀ ಹಾಗೆನ್-ಸ್ಮಿಟ್ ತೋರಿಸಿಕೊಟ್ಟರು. ಅದರಲ್ಲಿ ಸುಮಾರು ಐದರಲ್ಲೊಂದು ಪಾಲು ಸೈಲೆನ್ಸರಿನಿಂದಲ್ಲ, ಈ ಬ್ರೀದರಿನಿಂದ ಬರುತ್ತದೆ ಎಂಬುದೂ ಗೊತ್ತಾಯಿತು. 1961ರ ಮಾಡೆಲಿನಿಂದ ಕ್ಯಾಲಿಫೋರ್ನಿಯದ ಹೊಸ ಕಾರುಗಳಲ್ಲಿ, 1963ರಿಂದ ಅಮೆರಿಕದ ಉಳಿದೆಡೆಯೂ ಬಾಯಿ ಮುಚ್ಚಿತು. ಪಿ.ಸಿ.ವಿ. ವಾಲ್ವ್ ಎಂದು ಇಂದು ನಾವು ಕರೆಯುವ ಸಣ್ಣ ಭಾಗ ಮನೆಮಾತಾದದ್ದು ಆಗ.

ಡೀಸೆಲಿನ ಕತೆ ಬೇರೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಅದುಮುವುದು ಬರೀ ಗಾಳಿಯನ್ನು. ಇಂಧನ ಸೇರುವುದು ಕೊನೆಯ ಗಳಿಗೆಯಲ್ಲಿ. ಹಾಗಾಗಿ ಕೆಳಗೆ ನುಸುಳುವ ಅನಿಲದಲ್ಲಿ ಉರಿಯದ ಇಂಧನ ಕಡಿಮೆ, ಕಾನೂನಿನ ಕಣ್ಣೂ ಅದರ ಮೇಲೆ ತಡವಾಗಿ ಬಿತ್ತು. ಅಮೆರಿಕದಲ್ಲೇ ದೊಡ್ಡ ಟರ್ಬೊ ಲಾರಿಗಳ ಬ್ರೀದರಿಗೆ 2007ರವರೆಗೆ ವಿನಾಯಿತಿ ಇತ್ತು.

ನಮ್ಮ ಕರಾವಳಿಯ ಗ್ಯಾರೇಜುಗಳು ವಿದ್ಯೆ ಕಲಿತದ್ದು ಇಂಥ ತೆರೆದ ಬಾಯಿಯ ಎಂಜಿನ್ನುಗಳಲ್ಲೇ. 1954ರಲ್ಲಿ ಬಂದ ಟಾಟಾ-ಬೆಂಜ್, ಮರುವರ್ಷ ಲೇಲ್ಯಾಂಡ್ ಜೊತೆ ಕೈಜೋಡಿಸಿದ ಅಶೋಕ್ ಲೇಲ್ಯಾಂಡ್, ಉಡುಪಿ–ಕಾರ್ಕಳ ದಾರಿಯಲ್ಲಿ ಓಡುವ ಖಾಸಗಿ ಬಸ್ಸುಗಳು, ಮಲ್ಪೆಯ ಬೋಟುಗಳು. ಅಲ್ಲಿ ಪರೀಕ್ಷೆ ಬಹಳ ನೇರ. ಬ್ರೀದರ್ ಪೈಪಿನ ಬಾಯಿ ನೋಡು. ಹಬೆ ಬುಸುಬುಸು ಬಂದರೆ ರಿಂಗ್ ಸವೆದಿದೆ, ಎಂಜಿನ್ ಬಿಚ್ಚು. ದಾರಿ ತೆರೆದೇ ಇರುವುದರಿಂದ ಹೊಗೆ ಹೆಚ್ಚಾದರೆ ನುಸುಳುವಿಕೆ ಹೆಚ್ಚಾಗಿದೆ ಎಂದೇ ಅರ್ಥ. 'ಬ್ಯಾಕ್ ಕಂಪ್ರೆಷನ್' ಎಂಬುದು ಆ ಕಾಲಕ್ಕೆ ಲಕ್ಷಣವೂ ಹೌದು, ತೀರ್ಪೂ ಹೌದು.

ಆಮೇಲೆ ಎಂಜಿನ್ ಬದಲಾಯಿತು. ಹೊರಹೋಗುವ ಹೊಗೆಯ ಬಲದಿಂದಲೇ ಗಾಳಿಯನ್ನು ಒಳಗೆ ತುರುಕುವ ಉಪಾಯವನ್ನು ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಮಾಡಿಸಿದ್ದರು. ಅದು ಡೀಸೆಲ್ ಕಾರಿಗೆ ಇಳಿದದ್ದು 1978ರಲ್ಲಿ, ಮರ್ಸಿಡಿಸ್ 300 ಎಸ್‌ಡಿ ಮೂಲಕ. 1998ರ ಕೊನೆಗೆ ಬಂದ ಇಂಡಿಕಾ ಡೀಸೆಲಿಗೆ ಟರ್ಬೊ ಇರಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ಟರ್ಬೊ ಡೀಸೆಲ್ ನಮ್ಮ ಮಧ್ಯಮವರ್ಗದ ಅಂಗಳಕ್ಕೂ ಬಂತು. ಈ ಕಾರುಗಳಲ್ಲಿ ಕ್ರಾಂಕ್‌ಕೇಸಿನ ಹಬೆ ರಸ್ತೆಗೆ ಹೋಗುವುದಿಲ್ಲ. ಒಂದು ಆಯಿಲ್ ಸೆಪರೇಟರಿನ ಮೂಲಕ ಹಾದು, ಆಯಿಲಿನ ಹನಿಗಳನ್ನು ಅಲ್ಲೇ ಬಿಟ್ಟು, ಟರ್ಬೊದ ಬಾಯಿಗೆ ಹೋಗಿ ಮತ್ತೆ ಎಂಜಿನ್ ಸೇರುತ್ತದೆ.

ಇಲ್ಲಿ ಹಳೆಯ ಮಾತು ಕೈಕೊಡುತ್ತದೆ. ಮಳೆಗಾಲದಲ್ಲಿ ಅಂಗಳದಲ್ಲಿ ನೀರು ನಿಂತರೆ ಮಳೆ ಜೋರಾಗಿ ಬಂದಿರಬಹುದು, ಇಲ್ಲವೇ ತೋಡು ಕಟ್ಟಿರಬಹುದು. ಮುಚ್ಚಿದ ಎಂಜಿನ್ನಿನ ಒತ್ತಡವೂ ಹಾಗೆಯೇ. ರಿಂಗ್ ಸವೆದರೂ ಏರುತ್ತದೆ, ಸೆಪರೇಟರ್ ಕಟ್ಟಿದರೂ ಏರುತ್ತದೆ. ಟರ್ಬೊದ ಸೀಲು ಹೋದರೆ ಅದರ ಗಾಳಿ ಆಯಿಲ್ ಇಳಿಯುವ ದಾರಿಯಲ್ಲೇ ಕ್ರಾಂಕ್‌ಕೇಸಿಗೆ ಬರುತ್ತದೆ. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನ ಕಡೆ ಗಾಳಿ ಸೋರಿದರೆ ಅದು ಎಳೆದ ಗಾಳಿಯೂ ಅಲ್ಲಿಗೇ. ಇನ್ನೊಂದು ಮೋಸವೂ ಇದೆ. ಟರ್ಬೊದ ಆಯಿಲ್ ತನ್ನ ತೂಕದಿಂದಲೇ ಕೆಳಗೆ ಇಳಿಯಬೇಕು. ಕ್ರಾಂಕ್‌ಕೇಸಿನಲ್ಲಿ ಒತ್ತಡವಿದ್ದರೆ ಇಳಿಯಲಾರದೆ ಸೀಲು ದಾಟಿ ಗಾಳಿಯ ಪೈಪಿಗೆ ಬರುತ್ತದೆ. ನೋಡಿದವರು ಟರ್ಬೊ ಹೋಗಿದೆ ಎನ್ನುತ್ತಾರೆ. ಹೊಸ ಟರ್ಬೊ ಹಾಕಿದರೆ ಅದೂ ಆಯಿಲ್ ಉಗುಳುತ್ತದೆ.

ಮಾವನ ಕಾರಿನಲ್ಲಿ ಈ ಲಕ್ಷಣಗಳೆಲ್ಲ ಇದ್ದವು. ಡಿಪ್‌ಸ್ಟಿಕ್ ತಾನಾಗಿ ಮೇಲೆ ಬರುತ್ತಿತ್ತು, ಆಯಿಲ್ ಕ್ಯಾಪ್ ತೆಗೆದರೆ ಹಬೆ ನುಗ್ಗುತ್ತಿತ್ತು, ಟರ್ಬೊದ ಪೈಪು ಜಿಡ್ಡಾಗಿತ್ತು. ಬ್ರೀದರ್ ಪೈಪನ್ನು ಕತ್ತರಿಸಿ ಕೆಳಗೆ ಬಿಟ್ಟರೆ ಸಾಕು ಎಂದು ನೆರೆಯವರೊಬ್ಬರು ಸಲಹೆ ಕೊಟ್ಟಿದ್ದರಂತೆ. ಎಂಜಿನ್ನನ್ನು ಅರುವತ್ತು ವರ್ಷ ಹಿಂದಕ್ಕೆ ಕಳಿಸುವ ಸಲಹೆ ಅದು.

ಪರಿಚಯದವರೊಬ್ಬರ ಮಾತು ಕೇಳಿ ಕಾರನ್ನು ಕಾಪುವಿನ ಹೆದ್ದಾರಿ ಬದಿಯ ಒಂದು ಸಣ್ಣ ಗ್ಯಾರೇಜಿಗೆ ಒಯ್ದೆವು. ಉಡುಪಿಯ ಬಸ್ಸುಗಳಲ್ಲಿ ಕೆಲಸ ಕಲಿತು, ಮಲ್ಪೆಯ ಬೋಟುಗಳಲ್ಲಿ ಕೈ ಪಳಗಿಸಿಕೊಂಡ ಅರುವತ್ತರ ಮೇಸ್ತ್ರಿ. ಕ್ಯಾಪ್ ತೆಗೆದು ನೋಡಿ ಅವರೂ, "ಬ್ಯಾಕ್ ಕಂಪ್ರೆಷನ್ ಉಂಟು ಮಾರಾಯ್ರೆ" ಎಂದರು. ಮಾವನ ಮುಖ ಇಳಿಯಿತು. ಅವರು ಮುಂದುವರಿಸಿದರು, "ಆದರೆ ಎಲ್ಲಿಂದ ಅಂತ ನೋಡುವ. ಹೊಗೆ ನೋಡಿ ಹೇಳ್ಲಿಕ್ಕೆ ಇದು ಬೋಟ್ ಅಲ್ಲ."

ಅವರ ಉಪಕರಣ ಒಂದು ಪಾರದರ್ಶಕ ಟ್ಯೂಬು. ಅದನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಬಾಗಿಸಿ ಕಟ್ಟಿ, ಅರ್ಧ ನೀರು ತುಂಬಿಸಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಬಿಗಿಯಾಗಿ ಸಿಕ್ಕಿಸಿದರು. ಬಿಸಿ ಎಂಜಿನ್ ಐಡಲ್‌ನಲ್ಲಿದ್ದಾಗ ಎರಡು ಕಡೆಯ ನೀರಿನ ನಡುವೆ ಹನ್ನೊಂದು ಸೆಂಟಿಮೀಟರ್ ವ್ಯತ್ಯಾಸ. ವಾತಾವರಣದ ಒತ್ತಡ ಸುಮಾರು ಹತ್ತು ಮೀಟರ್ ನೀರನ್ನು ಎತ್ತಿ ಹಿಡಿಯುತ್ತದೆ. ಅದಕ್ಕೆ ಹೋಲಿಸಿದರೆ ಇದು ನೂರರಲ್ಲಿ ಒಂದು ಪಾಲು. ಆದರೆ ಇಂಥ ಎಂಜಿನ್ನಿನಲ್ಲಿ ಐಡಲ್‌ನಲ್ಲಿ ನೀರು ಸಮವಾಗಿ ನಿಲ್ಲಬೇಕು, ಇಲ್ಲವೇ ತುಸು ಒಳಕ್ಕೆ ಎಳೆದಿರಬೇಕು.

ಮೊದಲು ವ್ಯಾಕ್ಯೂಮ್ ಪಂಪಿನ ಪೈಪು ಬಿಚ್ಚಿ ಪಂಪಿನ ಬಾಯಿ ಮುಚ್ಚಿದರು. ನೀರು ಕದಲಲಿಲ್ಲ. ಆಮೇಲೆ ಸೆಪರೇಟರಿನಿಂದ ಟರ್ಬೊಗೆ ಹೋಗುವ ಪೈಪನ್ನು ಸೆಪರೇಟರಿನ ತುದಿಯಲ್ಲಿ ತೆಗೆದರು. ಮುಂದೆ ಎಲ್ಲಾದರೂ ಕಟ್ಟಿದ್ದರೆ ಈಗ ಒತ್ತಡ ಇಳಿಯಬೇಕಿತ್ತು. ಇಳಿಯಲಿಲ್ಲ. ಆ ಬಾಯಿಗೆ ಹೆಬ್ಬೆರಳು ಹಿಡಿದು ನನ್ನನ್ನು ಕರೆದರು. ಬೆರಳಿಗೆ ಗಾಳಿ ತಾಗಿದ್ದು ಅಷ್ಟಕ್ಕಷ್ಟೆ. ಒಳಗೆ ಹನ್ನೊಂದು ಸೆಂಟಿಮೀಟರ್ ಒತ್ತಡ, ಹೊರಬಾಯಿಯಲ್ಲಿ ಗಾಳಿಯೇ ಇಲ್ಲ. ನಡುವೆ ಇರುವುದು ಸೆಪರೇಟರ್ ಒಂದೇ.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ತೋಡು ಕಟ್ಟಿದೆ ಎಂದಾಕ್ಷಣ ಮಳೆ ಜೋರಾಗಿಲ್ಲ ಎಂದಾಗುವುದಿಲ್ಲವಲ್ಲ. ಗ್ಲೋ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆದರು: 26, 25, 23, 25 ಬಾರ್. ಮೂರನೆಯದು ತುಸು ಸೋತಿದೆ, ಬಿಚ್ಚುವಷ್ಟು ಸೋತಿಲ್ಲ ಎಂದರು. ರಾಕರ್ ಕವರ್ ತೆಗೆದರೆ ಅದರೊಳಗೇ ಕೂರಿಸಿದ ಸೆಪರೇಟರಿನ ದಾರಿಗಳಲ್ಲಿ ಕಪ್ಪು ಹಲ್ವದಂಥ ಜಿಡ್ಡು. ನಿವೃತ್ತಿಯಾದ ಮೇಲೆ ಮಾವನ ಕಾರು ಆನೆಕೆರೆಯ ಆಚೆಗೆ ಹೋದದ್ದೇ ಅಪರೂಪ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಮನೆ ಬರುತ್ತದೆ, ಒಳಗಿನ ತೇವ ಆರದೆ ಆಯಿಲಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಓಟ ಕಡಿಮೆ ಎಂದು ಆಯಿಲ್ ಬದಲಿಸುವುದನ್ನೂ ಮುಂದೂಡಿದ್ದರು.

ಹೊಸ ಕವರ್, ಗ್ಯಾಸ್ಕೆಟ್, ಆಯಿಲ್, ಕೂಲಿ ಎಲ್ಲ ಸೇರಿ 11,000 ರೂಪಾಯಿ ಆಯಿತು. ಇಂಟರ್‌ಕೂಲರಿನಲ್ಲಿ ನಿಂತಿದ್ದ ಆಯಿಲನ್ನೂ ಚೆಲ್ಲಿದರು. ಅದು ಬಿಸಿಗಾಳಿಯ ಜೊತೆ ಎಂಜಿನ್ನಿಗೆ ನುಗ್ಗಿದರೆ ಕೀ ತೆಗೆದರೂ ಡೀಸೆಲ್ ಎಂಜಿನ್ ನಿಲ್ಲದೆ ಓಡೀತು ಎಂದು ಮಾವನಿಗೆ ಗದರಿಸಿಯೇ ಹೇಳಿದರು. ಮತ್ತೆ ಟ್ಯೂಬು ಸಿಕ್ಕಿಸಿದಾಗ ನೀರು ಒಂದೆರಡು ಮಿಲಿಮೀಟರ್ ಒಳಕ್ಕೆ ಎಳೆದು ನಿಂತಿತು.

ತೊಂಬತ್ತು ಸಾವಿರ ಎಂದವರು ಮೋಸ ಮಾಡಿದರು ಎಂದು ನನಗೆ ಅನಿಸುವುದಿಲ್ಲ. ಅವರು ತಮಗೆ ಕಲಿಸಿಕೊಟ್ಟ ಮಾತನ್ನು ನಂಬಿದರು. ಆ ಮಾತು ಒಂದು ಕಾಲದ ಎಂಜಿನ್ನಿನ ಬಗ್ಗೆ ಸತ್ಯವೇ ಆಗಿತ್ತು. ಎಂಜಿನ್ ತನ್ನ ಉಸಿರಿನ ದಾರಿಯನ್ನು ಬದಲಿಸಿಕೊಂಡಿತು, ಮಾತು ಬದಲಾಗಲಿಲ್ಲ. ಹಳೆಯ ಕಡತಗಳನ್ನು ಓದುವಾಗ ನಾವೂ ಇದೇ ತಪ್ಪು ಮಾಡುತ್ತೇವೆ. ಅದೇ ಪದ ಕಂಡಾಗ ಅದೇ ಸಂಗತಿ ಎಂದುಕೊಳ್ಳುತ್ತೇವೆ.

ಮೂರನೆಯ ಸಿಲಿಂಡರಿನ 23 ಇನ್ನೂ 23ರಲ್ಲೇ ಇದೆ. ಮುಂದಿನ ವರ್ಷ ಮತ್ತೆ ಅಳೆಯಲು ಬರಬೇಕೆಂದು ಮೇಸ್ತ್ರಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಂಡಿದ್ದಾರೆ. ಜೂನ್ ಮೊದಲ ವಾರ ಮಾವ ಫೋನ್ ಮಾಡಿದಾಗ ಹಿಂದೆ ಮಳೆಯ ಸದ್ದು ಕೇಳುತ್ತಿತ್ತು. ಹೊಸ ಪಕ್ಕಾಸಿನ ಮೇಲೆ ಹಂಚು ಕೂತಾಗಿದೆ, ಒಂದು ಕಡೆ ಮಾತ್ರ ಸೋರುತ್ತಿದೆ ಎಂದರು. ಎಲ್ಲಿಂದ ಎಂದು ಕೇಳಿದೆ. ಅದನ್ನೇ ಹುಡುಕುತ್ತಿದ್ದೇನೆ ಎಂದು ನಕ್ಕರು.