ಇಂಪ್ರೂವ್ ಮಾಡೋರು ಯಾರು, ಆಗೋರು ಯಾರು?

ನಮ್ಮ ಕೇರಿಯ ಹುಡುಗರ ಪ್ರೋಗ್ರೆಸ್ ಕಾರ್ಡಿನ ಮೇಲೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು: 'ಇಂಪ್ರೂವ್ ಆಗಬೇಕು.' ಅಪ್ಪಂದಿರು ಅದರ ಕೆಳಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಇಂಪ್ರೂವ್ ಅಂದರೆ ಒಳ್ಳೆಯದಾಗೋದು ಅಂತಲೇ ನಾವು ನಂಬಿದ್ದೆವು. ಆದರೆ ಆ ಪದದ ಹುಟ್ಟಿನ ಕತೆ ಬೇರೆಯೇ ಇದೆ.

ಇದು ಇಂಗ್ಲೆಂಡನ್ನು ಗೆದ್ದು ಆಳಿದ ನಾರ್ಮನ್ ಒಡೆಯರ ಫ್ರೆಂಚ್ ಮಾತಿನಿಂದ ಬಂದ ಕ್ರಿಯಾಪದ. ಮೂಲದ ಅರ್ಥ, ಲಾಭ ಮಾಡಿಕೊಳ್ಳು. ಒಡೆಯ ಜಮೀನನ್ನು ಇಂಪ್ರೂವ್ ಮಾಡಿದ ಅಂದರೆ ಅದರ ಆದಾಯ ಹೆಚ್ಚಿಸಿದ ಅಂತ. ಒಳ್ಳೆಯದು ಮಾಡು ಎಂಬ ಅರ್ಥ ಆಮೇಲೆ ಬಂತು.

ಆದಾಯ ಹೆಚ್ಚಿದ್ದು ಹೇಗೆ? ಊರವರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ನೆಲಕ್ಕೆ ಬೇಲಿ ಹಾಕಿ. 1604ರಿಂದ 1914ರವರೆಗೆ ಬ್ರಿಟಿಷ್ ಪಾರ್ಲಿಮೆಂಟು ಇಂಥ 5,200ಕ್ಕೂ ಹೆಚ್ಚು ಕಾಯಿದೆ ಮಾಡಿತು. ಸುಮಾರು 68 ಲಕ್ಷ ಎಕರೆ ಬೇಲಿಯೊಳಗೆ ಹೋಯಿತು. ಭೂಮಿಯನ್ನು ದುಡಿದು ಇಂಪ್ರೂವ್ ಮಾಡಿದವನೇ ಅದರ ಒಡೆಯ ಅಂತ 1690ರ ಹೊತ್ತಿಗೆ ಜಾನ್ ಲಾಕ್ ವಾದಿಸಿದ. ಕೇಳೋಕೆ ಉಳುವವನೇ ಹೊಲದೊಡೆಯ ಅಂದ ಹಾಗಿದೆ. ಆದರೆ ಅವನ ಲೆಕ್ಕದಲ್ಲಿ ಆಳು ಕೊಯ್ದದ್ದೂ ಧಣಿಯ ದುಡಿಮೆಯೇ! ಜೀತ ಮಾಡಿದ ನಮ್ಮ ಹಿರಿಯರಿಗೆ ಈ ಲೆಕ್ಕ ಹೊಸದಲ್ಲ.

ಸ್ಕಾಟ್ಲೆಂಡಿನ ಸದರ್ಲೆಂಡ್ ಸೀಮೆಯನ್ನು ನೋಡಿ. 1814ರಲ್ಲಿ ಅಲ್ಲಿನ ಒಕ್ಕಲುಗಳನ್ನು ಕಣಿವೆಯಿಂದ ಎಬ್ಬಿಸಿದರು. ತಿರುಗಿ ಬರಬಾರದು ಅಂತ ಮನೆಗಳಿಗೆ ಬೆಂಕಿ ಇಟ್ಟರು. ಜನ ಕಡಲ ದಂಡೆಗೆ, ಕುರಿ ಕಣಿವೆಗೆ. ಒಕ್ಕಲೆಬ್ಬಿಸಿದ ಪ್ಯಾಟ್ರಿಕ್ ಸೆಲ್ಲರ್‌ಗೇ ಆ ನೆಲದ ಗುತ್ತಿಗೆ ಸಿಕ್ಕಿತು. 1816ರಲ್ಲಿ ವಿಚಾರಣೆ ನಡೆದು ಅವನು ಖುಲಾಸೆಯಾದ. 1820ರಲ್ಲಿ ಜಮೀನ್ದಾರಿಯ ಮುಖ್ಯಸ್ಥ ಜೇಮ್ಸ್ ಲಾಕ್ ಇದನ್ನೆಲ್ಲ ಸಮರ್ಥಿಸಿ ಪುಸ್ತಕ ಬರೆದ. ಅದರ ಹೆಸರಿನಲ್ಲಿದ್ದ ಮಾತು 'ಇಂಪ್ರೂವ್‌ಮೆಂಟ್ಸ್'. ಮನೆ ಕಳಕೊಂಡವರ ಪಾಲಿಗೆ ಅದು 'ಕ್ಲಿಯರೆನ್ಸ್'. ಚರಿತ್ರೆಯಲ್ಲಿ ಉಳಿದಿರೋದೂ ಅದೇ ಹೆಸರು.

ಬ್ರಿಟಿಷರ ಜೊತೆ ಪದ ಇಲ್ಲಿಗೂ ಬಂತು. ಪ್ಲೇಗ್ ಬಂದ ಮೇಲೆ 1898ರಲ್ಲಿ ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಬಡವರ ಮನೆ ಕೆಡವಿ ರಸ್ತೆ ಅಗಲ ಮಾಡಿತು. ಮೊದಲ ವರ್ಷಗಳಲ್ಲಿ ಕೆಡವಿದಷ್ಟನ್ನು ಕಟ್ಟಲಿಲ್ಲ. 1903ರಲ್ಲಿ ಮೈಸೂರಿಗೆ, 1945ರಲ್ಲಿ ಬೆಂಗಳೂರಿಗೆ ಇಂಥದೇ ಹೆಸರಿನ ಮಂಡಳಿಗಳು ಬಂದವು. 1973ರಲ್ಲಿ ನಮ್ಮ ರಾಜ್ಯ ಕೊಳಚೆ ಪ್ರದೇಶಗಳ ಕಾಯಿದೆ ಮಾಡಿತು. ಅದರ ಇಂಗ್ಲಿಷ್ ಹೆಸರಿನ ಕಂಸದೊಳಗೆ ಎರಡು ಪದಗಳು ಅಕ್ಕಪಕ್ಕ ಕೂತಿವೆ: ಇಂಪ್ರೂವ್‌ಮೆಂಟ್, ಕ್ಲಿಯರೆನ್ಸ್. ಸದರ್ಲೆಂಡಿನ ಅದೇ ಜೋಡಿ!

ನಲ್ಲಿ, ಚರಂಡಿ, ದೀಪ ಬೇಡ ಅಂತ ನಾವು ಹೇಳುತ್ತಿಲ್ಲ. ಅವು ನಮ್ಮ ಹಕ್ಕು. ನಾವು ಕೇಳೋದು ವ್ಯಾಕರಣದ ಪ್ರಶ್ನೆ. ಈ ಕ್ರಿಯಾಪದಕ್ಕೆ ಕರ್ತೃ ಯಾರು, ಕರ್ಮ ಯಾರು? ಯಾವಾಗಲೂ ನಾವೇ ಕರ್ಮ ಆಗಬೇಕೆ?

ಕನ್ನಡದಲ್ಲಿ 'ಸುಧಾರಿಸು' ಬೇರೆ, 'ಸುಧಾರಿಸಿಕೊ' ಬೇರೆ. ಹೊರೆ ಇಳಿಸಿದ ಮಗನಿಗೆ ಅವ್ವ 'ಒಸಿ ಸುಧಾರಿಸ್ಕೊ ಮಗ' ಅನ್ನುತ್ತಾಳೆ. ಉಸಿರು ಅವನದು, ತಿರುಗಿ ಎದ್ದು ನಿಲ್ಲೋನೂ ಅವನೇ. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಠರಾವು ಮಾಡಿತು. ಮಹಾಡದ ಪುರಸಭೆಯೂ ಒಪ್ಪಿತು. ಕಾಗದದಲ್ಲಿ ಸುಧಾರಣೆ ಆಯಿತು, ಕೆರೆಯ ನೀರು ಮಾತ್ರ ಸಿಗಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಜನ ನಡೆದು ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಅದಕ್ಕಾಗಿ ಏಟು ತಿಂದರು. ಅಂದು ಕ್ರಿಯಾಪದದ ಕರ್ತೃ ಬದಲಾದ.

ಗೆಳೆಯರೇ, ಕೇರಿ ಇಂಪ್ರೂವ್ ಮಾಡ್ತೀವಿ ಅಂತ ನಕ್ಷೆ ಹಿಡಿದು ಬರೋರು ಇನ್ನೂ ಇದ್ದಾರೆ. ಕೂರಿಸಿ, ನೀರು ಕೊಡಿ. ಕುಡಿಯುತ್ತಾರೋ ನೋಡಿ. ಆಮೇಲೆ ಕೇಳಿ: ಹಕ್ಕುಪತ್ರ ಯಾರ ಹೆಸರಿಗೆ? ಲಾಭ ಯಾರಿಗೆ?